ತೊಳೆದು ಬಂದ ಕಾಲುಗಳು

ಪವಿತ್ರ ಗುರುವಾರದ ಬೆಳಿಗ್ಗೆ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು ಹಿಮ್ಮಡಿ ಉಜ್ಜುತ್ತಿದ್ದೆ. ಏಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ ಈ ವರ್ಷ ನಮ್ಮ ಚರ್ಚಿನಲ್ಲಿ ಫಾದರ್ ಕೈಯಲ್ಲಿ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನನ್ನನ್ನೂ ಸೇರಿಸಿದ್ದಾರೆ. ಮೊದಲೆಲ್ಲ ಗಂಡಸರು ಮಾತ್ರ ಕೂರುತ್ತಿದ್ದರು, ಈಗ ಹೆಂಗಸರಿಗೂ ಕುರ್ಚಿ ಸಿಕ್ಕಿದೆ. ವಯಸ್ಸಾದ ಕಾಲು, ಗದ್ದೆಯ ಹಾಗೆ ಬಿರುಕು ಬಿಟ್ಟಿದೆ. ಸಂಜೆ ಫಾದರ್ ಮುಟ್ಟುವ ಹೊತ್ತಿಗೆ ನಾಲ್ಕು ಜನರ ಎದುರು ನೋಡುವ ಹಾಗಿರಲಿ ಎಂದು ಒರಟು ಕಲ್ಲು ಹಿಡಿದು ಕೂತಿದ್ದೆ. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು ಬೇರೆ.

ಅಷ್ಟರಲ್ಲಿ ಹಿತ್ತಲಿನಿಂದ ಹುಣಸೆಹುಳಿಯ ವಾಸನೆ ಬಂತು. ಸೊಸೆ ರೀಟಾ ಪಾದ ತೊಳೆಯುವ ಚರ್ಚಿನ ಹಿತ್ತಾಳೆ ಬೋಗುಣಿಯನ್ನು ತಂದು ಉಜ್ಜುತ್ತಿದ್ದಳು. ಹುಣಸೆಹಣ್ಣು ಹಿತ್ತಾಳೆಗೆ ತಾಗಿದಾಗ ಒಂದು ಥರ ಕಹಿಹುಳಿ ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ಒಂದು ಕಾಲಕ್ಕೆ ಆ ಬೋಗುಣಿ ಉಜ್ಜುವ ಕೆಲಸ ನನ್ನದೇ ಆಗಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ಒಂದು ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಆ ಉರಿಬಿಸಿಲಿನ ಉಪವಾಸದ ವಾರಗಳು, ಹಾಗೇ ಕಣ್ಣ ಮುಂದೆ ಬಂದವು.

ನಮ್ಮ ಹಿರಿಯರು ಶೆಟ್ಟಿಹಳ್ಳಿಯ ಕಡೆಯವರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ ಜಮೀನು ನೀರಿಗೆ ಹೋಗಿ, ಕೆಲವು ಕುಟುಂಬಗಳು ಹೊಳೆನರಸೀಪುರಕ್ಕೆ ಬಂದು ನೆಲೆನಿಂತವು. ಹಳೆಯ ಚರ್ಚು ಮಾತ್ರ ಈಗಲೂ ಅಲ್ಲೇ ನೀರಿನಲ್ಲಿ ನಿಂತಿದೆ, ಜನ ಫೋಟೊ ತೆಗೆಯಲು ಹೋಗುತ್ತಾರೆ. ಆ ಚರ್ಚಿನ ಗೋಡೆ ಸವರಿದ ನೀರೇ ಕೆಳಗಿಳಿದು ನಮ್ಮೂರ ಹೊಳೆಗೆ ಬರುವುದರಿಂದ, ಗುರುವಾರದ ಪಾದ ತೊಳೆಯುವ ನೀರನ್ನು ಹೊಳೆಯಿಂದಲೇ ತರಬೇಕು ಎಂಬುದು ನಮ್ಮ ಹಿರಿಯರ ಕಟ್ಟಳೆ. ನಲ್ಲಿ ನೀರು ಆಗದು. ಹನ್ನೆರಡು ಕುರ್ಚಿಗಳೂ ಅಷ್ಟೇ, ಒಂದೊಂದು ಕುರ್ಚಿ ಒಂದೊಂದು ಮನೆತನದ್ದು. ಅಪ್ಪ ಹೋದ ಮೇಲೆ ಮಗ ಕೂರುತ್ತಿದ್ದ. ಮೊದಲನೆಯದು ಶಿಷ್ಯರಲ್ಲಿ ಮೊದಲಿಗರಾದ ಸಂತ ಪೇತ್ರರ ಕುರ್ಚಿ, ಅದು ನಮ್ಮ ಮನೆಯದು. ಅದರಲ್ಲಿ ನಮ್ಮ ಯಜಮಾನರು ರಾಯಪ್ಪ ಕೂರುತ್ತಿದ್ದರು. ಪಕ್ಕದ ಎರಡನೆಯದು ಅಂತಪ್ಪನ ಮನೆಯದು. ಇಬ್ಬರೂ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು.

ಯಜಮಾನರು ನೀರಾವರಿ ಇಲಾಖೆಯ ಕಾಲುವೆ ಕಚೇರಿಯಲ್ಲಿ ಗುಮಾಸ್ತರು, ಚರ್ಚಿನ ಸಮಿತಿಗೆ ಅಧ್ಯಕ್ಷರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಂದು ಭಾನುವಾರವೂ ಪೂಜೆ ತಪ್ಪಿಸಿದವರಲ್ಲ, ಕುಡಿತವಿಲ್ಲ, ಎಲೆ ಅಡಿಕೆಯೂ ಇಲ್ಲ. ದೇವರಿಗೂ ತಮಗೂ ಎಲ್ಲ ಸರಿಯಾಗಿದೆ, ಇನ್ನು ಹೊಸದಾಗಿ ಆಗಬೇಕಾದ್ದು ಏನೂ ಇಲ್ಲ ಎಂಬ ನೆಮ್ಮದಿ ಅವರ ಮುಖದಲ್ಲೇ ಕಾಣುತ್ತಿತ್ತು. ನನ್ನದೂ ಬೇರೆಯಲ್ಲ. ಸಂಜೆ ಮನೆಯಲ್ಲಿ ಮಣಿಮಾಲೆ ಹಿಡಿದು ಜಪಸರ ಹೇಳುವಾಗ ಟೀವಿಯಲ್ಲಿ ಧಾರಾವಾಹಿ ಶುರುವಾಗುವ ಮೊದಲು ಮುಗಿಯಬೇಕೆಂದು ನಾವಿಬ್ಬರೂ ಓಡುತ್ತಿದ್ದೆವು. ಪ್ರಾರ್ಥನೆಯ ಮೊದಲರ್ಧ ಅವರು ಮುಗಿಸುವ ಮೊದಲೇ ನಾನು ಉಳಿದರ್ಧ ಶುರುಮಾಡುತ್ತಿದ್ದೆ. ಮಾತೆ ಮರಿಯಮ್ಮನವರಿಗೆ ಅದರಲ್ಲಿ ಎಷ್ಟು ಅರ್ಥವಾಗುತ್ತಿತ್ತೋ ಅವರೇ ಬಲ್ಲರು.

ಇನ್ನು ಪವಿತ್ರ ಗುರುವಾರ ಬಂತೆಂದರೆ ಹನ್ನೆರಡು ಮನೆಗಳಲ್ಲೂ ಒಂದೇ ಸಂಭ್ರಮ. ಗಂಡಸರೆಲ್ಲ ಮಧ್ಯಾಹ್ನದಿಂದಲೇ ಬಚ್ಚಲಲ್ಲಿ. ಉಗುರು ಕತ್ತರಿಸಿ, ಹಿಮ್ಮಡಿ ಉಜ್ಜಿ, ಗಂಧದ ಸೋಪು ಹಚ್ಚಿ, ಎಣ್ಣೆ ಸವರಿ, ಹೊಸ ಕಾಲುಚೀಲ ಹಾಕಿಕೊಂಡು, ದಾರಿಯ ಧೂಳು ಮೆತ್ತೀತೆಂದು ನಾಲ್ಕು ಹೆಜ್ಜೆ ದೂರಕ್ಕೂ ಸ್ಕೂಟರ್ ಏರಿ ಬರುತ್ತಿದ್ದರು. ಏಸುಸ್ವಾಮಿ ಕೊನೆಯ ಊಟದ ದಿನ ಶಿಷ್ಯರ ಧೂಳುಗಾಲನ್ನು ತೊಳೆದರು, ಇವರೋ ತೊಳೆದ ಕಾಲನ್ನೇ ತೊಳೆಸಿಕೊಳ್ಳಲು ಬರುತ್ತಿದ್ದರು. ಪೂಜೆ ಮುಗಿದ ಮೇಲೆ ಬೋಗುಣಿಯ ನೀರನ್ನು ಚರ್ಚಿನ ಹಿಂದಿನ ತೆಂಗಿನ ಬುಡಕ್ಕೆ ಸುರಿಯುವ ಕೆಲಸ ನನ್ನದಾಗಿತ್ತು. ನಾನು ಬೆಳಿಗ್ಗೆ ಹೊಳೆಯಿಂದ ತಂದಾಗ ಎಷ್ಟು ತಿಳಿಯಾಗಿತ್ತೋ, ಹನ್ನೆರಡು ಜನರ ಕಾಲು ತೊಳೆದ ಮೇಲೂ ಅಷ್ಟೇ ತಿಳಿಯಾಗಿ ಇರುತ್ತಿತ್ತು. ನಮ್ಮವರು ಎಷ್ಟು ಅಚ್ಚುಕಟ್ಟು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಆ ವರ್ಷ ಚಳಿಗಾಲದ ಕೊನೆಯಲ್ಲಿ ಅಂತಪ್ಪ ಊರಿಗೆ ಬಂದ. ಅವನು ಲಾರಿ ಡ್ರೈವರ್. ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗಿನಕಾಯಿ ತುಂಬಿಕೊಂಡು ಮುಂಬಯಿವರೆಗೂ ಹೋಗುತ್ತಿದ್ದ. ವರ್ಷದ ಉಳಿದ ದಿನ ಎಲ್ಲಿದ್ದರೂ ಸರಿ, ಪವಿತ್ರ ಗುರುವಾರಕ್ಕೆ ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಿದ್ದ. ಈ ಸಲ ಬಂದವನು ಲಾರಿಯಿಂದಲ್ಲ, ಬಸ್ಸಿನಿಂದ ಇಳಿದ. ಹೆಂಡತಿ ಸಲೋಮಿ ತೋಳು ಹಿಡಿದು ಇಳಿಸಿಕೊಂಡಳು. ಆನೆಯಂಥ ಆಳು ಮೂಳೆ ಚರ್ಮ ಆಗಿದ್ದ. ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದರು. ಏಡ್ಸ್ ಅಂತೆ ಎಂಬ ಮಾತು ಅವರು ಮನೆ ಸೇರುವ ಮೊದಲೇ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ಆಗ ಅದಕ್ಕೆ ಔಷಧಿ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಆ ಹೆಸರು ಕೇಳಿದರೆ ಸಾಕು, ಜನ ಸೆರಗು ಮೂಗಿಗೆ ಹಿಡಿಯುತ್ತಿದ್ದರು.

ತಪಸ್ಸುಕಾಲದಲ್ಲಿ ಪ್ರತಿ ಸಂಜೆ ಒಂದೊಂದು ಮನೆಯಲ್ಲಿ ಸೇರಿ ಜಪಸರ ಹೇಳುವುದು ನಮ್ಮ ರೂಢಿ. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಲಾಗಿ ಹೋಗುತ್ತಿದ್ದೆವು. ಆ ವರ್ಷ ಅಂತಪ್ಪನ ಮನೆಯ ಸರದಿ ಬಂದ ಸಂಜೆ ಎಲ್ಲರೂ ಅದನ್ನು ದಾಟಿ ಮುಂದಿನ ಮನೆಯಲ್ಲಿ ಕೂತಿದ್ದೆವು. ಯಾರೂ ತೀರ್ಮಾನ ಮಾಡಿರಲಿಲ್ಲ. ಅದಾಗಿ ಅದೇ ಆಗಿಹೋಯಿತು. ಪ್ರಾರ್ಥನೆ ಹೇಳುತ್ತಿರುವಾಗ ಮಧ್ಯದ ಗೋಡೆಯಾಚೆಯಿಂದ ಅಂತಪ್ಪ ಕೆಮ್ಮುವುದು ಕೇಳುತ್ತಿತ್ತು. ನಾವು ದನಿ ಸ್ವಲ್ಪ ಏರಿಸಿದೆವು.

ಎರಡು ದಿನ ಬಿಟ್ಟು ಸಲೋಮಿ ನಮ್ಮ ಮನೆ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು.

“ಲೂರ್ದಕ್ಕ, ಜಪಸರಕ್ಕೆ ನಮ್ಮನೇಗೆ ಬರ್ನಿಲ್ಲ. ಓಗ್ಲಿ ಬುಡಿ, ಅದ್ನ ಕೇಳಕ್ ಬರ್ನಿಲ್ಲ ನಾನು,” ಅಂದಳು. “ಗುರುವಾರ ಕುರ್ಚಿಲಿ ಕೂರ್ಬೇಕು ಅಂತಾವ್ರೆ. ಅದೊಂದೇ ಜಪ. ಅನ್ನ ಬ್ಯಾಡ, ಮಾತ್ರೆ ಬ್ಯಾಡ, ಗುರುವಾರ ಯಾವಾಗ ಬತ್ತದೆ ಅಂತ ಕೇಳ್ತಾರೆ. ಅಲ್ಲೀಗಂಟ ಇದ್ದಾರೋ ಇಲ್ವೋ ನಂಗೊತ್ತಿಲ್ಲ. ಅಣ್ಣೋರಿಗೆ ಒಂದ್ ಮಾತ್ ಹೇಳಕ್ಕ.”

ಹೇಳುತ್ತೇನೆ ಅಂದೆ. ಹೇಳಿದೆ ಕೂಡ. ಯಜಮಾನರು ಪೇಪರ್‌ನಿಂದ ತಲೆ ಎತ್ತದೆ, “ಸಮಿತೀಲಿ ಇಡೋಣ,” ಅಂದರು.

ಪವಿತ್ರ ಗುರುವಾರಕ್ಕೆ ಮುಂಚಿನ ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದ ಹೊಂಗೆ ಮರದಡಿ ಗಂಡಸರೆಲ್ಲ ಸೇರಿದರು. ಹೊಂಗೆ ಹೂ ಬಿಡುವ ಕಾಲ, ನೆಲವೆಲ್ಲ ಉದುರು ಹೂ. ನಾವು ಹೆಂಗಸರು ಜಗಲಿಯ ಮೇಲೆ ಗರಿ ಹಿಡಿದುಕೊಂಡು ನಿಂತಿದ್ದೆವು. ಮೊದಲು ಬಾಯಿ ತೆರೆದದ್ದು ಚೌರಪ್ಪ. ದಿನಸಿ ಅಂಗಡಿಯವನು, ಮೂರನೆಯ ಕುರ್ಚಿ ಅವನದು.

“ಅವ್ನು ನನ್ ಪಕ್ಕಕ್ಕೇ ಬರೋದು ಫಾದರ್. ಅವ್ನ ಕಾಲಾದ್ ಮೇಲೆ ನನ್ ಕಾಲು. ಅದೇ ಬೋಗುಣಿ, ಅದೇ ಟವಲ್ಲು. ಮನೇಲಿ ಎಂಡ್ರು ಮಕ್ಳು ಅವ್ರೆ ನಂಗೆ.”

ಇನ್ನೊಬ್ಬರು ಅಂತಪ್ಪನನ್ನು ಕೊನೆಯ ಕುರ್ಚಿಗೆ ಹಾಕಿ ಅಂದರು. ಮತ್ತೊಬ್ಬರು ಬೇರೆ ಟವಲ್, ಬೇರೆ ನೀರು ಅಂದರು. ಫಾದರ್ ನಮ್ಮೂರಿಗೆ ಬಂದು ಆರು ತಿಂಗಳಾಗಿತ್ತು ಅಷ್ಟೇ. ಮಾತು ಕಡಿಮೆ. “ಮುಟ್ಟಿದರೆ ಬರುವ ಕಾಯಿಲೆ ಅಲ್ಲ ಅದು ಅಂತ ಡಾಕ್ಟರೇ ಹೇಳ್ತಾರೆ,” ಅಂದರು.

ಆಗ ಯಜಮಾನರು ಎದ್ದರು. ಎಂಥ ಜಗಳವಿದ್ದರೂ ನಯವಾಗಿ ಬಗೆಹರಿಸುತ್ತಾರೆ ಎಂದು ಅವರಿಗೆ ಹೆಸರಿತ್ತು. “ಅದು ನಮಗೂ ಗೊತ್ತು ಫಾದರ್. ನಾನು ಅವನ ಆರೋಗ್ಯದ ದೃಷ್ಟಿಯಿಂದ ಹೇಳ್ತಾ ಇರೋದು. ಅಷ್ಟೊತ್ತು ಕೂರಕ್ಕೆ ಅವನಿಗೆ ತ್ರಾಣ ಎಲ್ಲಿದೆ? ತಾವೇ ಮನೆಗೆ ಹೋಗಿ ಪರಮಪ್ರಸಾದ ಕೊಟ್ಟು ಬಂದರೆ ಅವನಿಗೂ ಸಮಾಧಾನ, ಜನಕ್ಕೂ ಸಮಾಧಾನ,” ಅಂದರು. ಎಲ್ಲರೂ ತಲೆಯಾಡಿಸಿದರು. ಅಬ್ಬ, ಕಷ್ಟ ಕಳೆಯಿತು ಎಂದು ನನಗೂ ಅನ್ನಿಸಿತು.

ಫಾದರ್ ಬಗ್ಗಿ ಕಾಲ ಬಳಿಯ ಒಂದು ಹೊಂಗೆ ಹೂವನ್ನು ಎತ್ತಿಕೊಂಡರು. ಆಮೇಲೆ, “ಆಯ್ತು ರಾಯಪ್ಪನವರೇ. ಆದರೆ ಈ ಮಾತನ್ನ ನಾನು ಹೋಗಿ ಹೇಳಲಾರೆ. ನೀವೇ ಹೋಗಿ ಅವರಿಗೆ ಹೇಳಿ ಬನ್ನಿ. ಪೇತ್ರರ ಕುರ್ಚಿಯವರು ನೀವು,” ಎಂದು ಹೇಳಿ ಒಳಗೆ ಹೋದರು.

ಯಜಮಾನರು ಸೋಮವಾರ ಕಚೇರಿಯಲ್ಲಿ ಕೆಲಸ ಅಂದರು, ಮಂಗಳವಾರ ತಲೆನೋವು ಅಂದರು. ಬುಧವಾರ ಸಂಜೆ ನಾನೇ ಬಲವಂತ ಮಾಡಿ ಹೊರಡಿಸಿದೆ. ಒಬ್ಬರೇ ಹೋಗಲಾರೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

ಅಂತಪ್ಪ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಗೋಡೆಗೆ ಒರಗಿದ್ದ. ಎದುರಿಗೆ ಒಂದು ಪ್ಲಾಸ್ಟಿಕ್ ಬಕೆಟ್, ಸೋಪಿನ ಚೂರು, ಹಳೆಯ ಬಟ್ಟೆ. ಕಾಲು ಚಾಚಿದ್ದ. ಅಯ್ಯೋ, ಆ ಕಾಲನ್ನು ನೋಡಬಾರದಿತ್ತು. ಮಂಡಿಯವರೆಗೆ ಕಡ್ಡಿ, ಪಾದ ಮಾತ್ರ ಊದಿಕೊಂಡಿತ್ತು. ಅಲ್ಲಲ್ಲಿ ಕಪ್ಪಾದ ಕಲೆ, ಬೆರಳ ಸಂದಿಯಲ್ಲಿ ಹುಣ್ಣು.

“ಬಾ ಕಣ್ಲಾ ರಾಯ. ಅತ್ಗೆ, ಬನ್ನಿ, ಕೂತ್ಕಳಿ,” ಅಂದ. ದನಿ ಕ್ಷೀಣವಾಗಿತ್ತು, ಆದರೆ ಅದರಲ್ಲಿ ಖುಷಿ ಇತ್ತು. “ನಾಳೆ ಗುರ್ವಾರ ಅಲ್ವಾ, ಕಾಲ್ ತೊಳ್ಕಳನಾ ಅಂತ ಕುಂತೆ. ಬಗ್ಗಕ್ಕಾಯ್ತಿಲ್ಲ. ಸಲೋಮಿ ನೀರಿಗೋಗವ್ಳೆ, ಬರ್ಲಿ ಅಂತ ಕಾಯ್ತಾ ಇವ್ನಿ.”

ಯಜಮಾನರು ಬಾಳೆಹಣ್ಣು ಕೆಳಗಿಟ್ಟರು. ಸಮಿತಿ ಅಂದರು, ಜನ ಅಂದರು, ನಿನ್ನ ಆರೋಗ್ಯ ಅಂದರು, ಫಾದರ್ ಮನೆಗೇ ಬರುತ್ತಾರೆ ಅಂದರು. ಮರದಡಿ ಅಷ್ಟು ನಯವಾಗಿ ಬಂದ ಮಾತು ಅಲ್ಲಿ ತಡವರಿಸುತ್ತಾ ಬಂತು. ಅಂತಪ್ಪ ಪೂರ್ತಿ ಕೇಳಿಸಿಕೊಂಡ. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಮಗೆ ಎಷ್ಟೋ ಸಲೀಸಾಗುತ್ತಿತ್ತು.

“ಓಗ್ಲಿ ಬುಡ್ಲಾ,” ಅಂದ. “ನೀನೇನ್ ಮಾಡೀಯೆ. ಆದ್ರೆ ಒಂದ್ ಮಾತ್ ಹೇಳ್ತೀನಿ ಕೇಳು. ಇಷ್ಟ್ ವರ್ಸ ಆ ಕುರ್ಚೀಲಿ ಕುಂತಿದ್ದೆ. ನಮ್ಮಪ್ಪ ಕುಂತಿದ್ದ, ಅದ್ಕೆ ನಾನೂ ಕುಂತೆ. ಫಾದರ್ ಕಾಲ್ ಮುಟ್ಟಿದ್ರೆ ಕಚಗುಳಿ ಆಗೋದು, ನಗು ತಡ್ಕೊಳೋದೇ ಕೆಲ್ಸ ನಂಗೆ. ಈ ವರ್ಸ ಒಂದೇ ಕಣ್ಲಾ, ನನ್ ಕಾಲ್ ಯಾರಾನ ತೊಳೀಬೇಕು ಅಂತ ನಿಜ್ವಾಗ್ಲೂ ಅನ್ಸಿರೋದು. ದೇವ್ರೇ ಬಂದು ತೊಳೀಲಿ ಅನ್ನಂಗಾಗದೆ. ಈ ವರ್ಸಾನೇ ಬ್ಯಾಡ ಅಂತೀರಲ್ಲ.”

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡ. ಸುಸ್ತಾಗಿತ್ತು. ಯಜಮಾನರು ಅಲ್ಲೇ ನಿಂತರು. ನಾನು ಹೋಗೋಣ ಎಂದು ಕಣ್ಸನ್ನೆ ಮಾಡಿದೆ, ಅವರು ನೋಡಲಿಲ್ಲ. ಬಕೆಟ್ಟನ್ನೇ ನೋಡುತ್ತಿದ್ದರು. ಸಲೋಮಿ ಕೊಡ ಹೊತ್ತು ಬಂದಳು, ನಮ್ಮ ಮುಖ ನೋಡಿಯೇ ಅವಳಿಗೆ ವಿಷಯ ತಿಳಿಯಿತು, ಕೊಡ ಹೊತ್ತೇ ಒಳಗೆ ಹೋದಳು. ನಾವು ಮನೆಗೆ ಬಂದೆವು.

ಆ ರಾತ್ರಿ ಮನೆಯಲ್ಲಿ ನಾವಿಬ್ಬರೇ ಜಪಸರಕ್ಕೆ ಕೂತಾಗ ಯಜಮಾನರು ಮೊದಲ ಪ್ರಾರ್ಥನೆಯ ನಡುವಿನಲ್ಲೇ ನಿಂತುಬಿಟ್ಟರು. ಮರೆತರೇನೋ ಎಂದು ನಾನು ಮುಂದಿನ ಪದ ಹೇಳಿಕೊಟ್ಟೆ. ಅವರು ಕೈ ಅಡ್ಡ ಹಿಡಿದರು.

“ಲೂರ್ದ, ನಂಗೆ ಯಾವತ್ತೂ ಹಾಗೆ ಅನ್ನಿಸಿಲ್ಲ ಕಣೆ,” ಅಂದರು. “ತೊಳೀಬೇಕು ಅಂತ. ಒಂದ್ ಸಲಾನೂ ಅನ್ನಿಸಿಲ್ಲ. ಇಷ್ಟು ವರ್ಷ ನಾನು ಯಾರ ಎದುರಿಗೆ ಕೂತಿದ್ದೆ ಹಾಗಾದ್ರೆ?”

ಮದುವೆಯಾಗಿ ಅಷ್ಟು ವರ್ಷಕ್ಕೆ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಆ ದಿನ ಟೀವಿ ಹಾಕಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಹೊಳೆಗೆ ಹೋದೆ. ಆ ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳಾಗಿತ್ತು. ಒರತೆ ತೋಡಿ, ನೀರು ತಿಳಿಯಾಗುವವರೆಗೆ ಕಾದು, ಬಟ್ಟೆಯಲ್ಲಿ ಸೋಸಿ ತಂದೆ. ಮಧ್ಯಾಹ್ನ ಬಚ್ಚಲಲ್ಲಿ ಯಜಮಾನರಿಗೆ ಸೋಪು, ಕಲ್ಲು, ಎಣ್ಣೆ ಎಲ್ಲ ಇಟ್ಟಿದ್ದೆ. ಅವರು ಆ ಕಡೆ ತಿರುಗಿಯೂ ನೋಡದೆ, ಕಚೇರಿಯಿಂದ ಬಂದ ಕಾಲಲ್ಲೇ ಚಪ್ಪಲಿ ಬಿಟ್ಟು ಹೊರಟರು. ಎಲ್ಲಿಗೆ ಅಂದೆ. “ಅಂತಪ್ಪನ್ನ ಕರಕೊಂಡು ಬರ್ತೀನಿ. ನೀನು ಬೋಗುಣಿ ತಗೊಂಡು ಹೋಗಿರು,” ಅಂದರು.

ಸಂಜೆ ಚರ್ಚು ತುಂಬಿತ್ತು. ಎರಡನೆಯ ಕುರ್ಚಿಯನ್ನು ಯಾರೋ ಆಗಲೇ ತೆಗೆದು ಗೋಡೆಗೆ ಸರಿಸಿದ್ದರು, ಉಳಿದ ಹನ್ನೊಂದರಲ್ಲಿ ನಮ್ಮ ಯಜಮಾನರದೊಂದು ಬಿಟ್ಟು ಹತ್ತರಲ್ಲಿ ಜನ ಕೂತಿದ್ದರು. ಪೂಜೆ ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ಗುಜುಗುಜು. ತಿರುಗಿ ನೋಡಿದರೆ ಯಜಮಾನರು ಅಂತಪ್ಪನನ್ನು ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ಹಿಂದೆ ಸಲೋಮಿ. ಯಜಮಾನರು ಚರ್ಚಿನ ದಾರಿಯ ಕಾಲುವೆ ಏರಿಯ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದರು, ಮೊಣಕಾಲಿನವರೆಗೆ ಕೆಂಪು ಧೂಳು. ನೇರ ಮುಂದೆ ಹೋಗಿ ಅಂತಪ್ಪನನ್ನು ಪೇತ್ರರ ಕುರ್ಚಿಯಲ್ಲಿ ಕೂರಿಸಿದರು. ಗೋಡೆಯ ಹತ್ತಿರವಿದ್ದ ಕುರ್ಚಿಯನ್ನು ತಾವೇ ಎಳೆದು ತಂದು ಎರಡನೆಯ ಜಾಗದಲ್ಲಿ ಹಾಕಿಕೊಂಡು ಕೂತರು. ಅಂತಪ್ಪನ ಕಾಲಾದ ಮೇಲೆ ಅವರದೇ ಕಾಲು, ಅದೇ ನೀರು, ಅದೇ ಟವಲ್.

ಚೌರಪ್ಪ ಎದ್ದ. ಅವನ ಹಿಂದೆ ಇನ್ನಿಬ್ಬರು ಎದ್ದರು. ಮೂವರೂ ತಲೆತಗ್ಗಿಸಿಕೊಂಡು ಬಾಗಿಲ ಕಡೆ ನಡೆದರು. ಯಾರೂ ತಡೆಯಲಿಲ್ಲ.

ಪಾದ ತೊಳೆಯುವ ಹೊತ್ತು ಬಂತು. ಫಾದರ್ ಮೇಲುಡುಪು ತೆಗೆದಿಟ್ಟು, ಟವಲ್ ಸೊಂಟಕ್ಕೆ ಕಟ್ಟಿಕೊಂಡು ಅಂತಪ್ಪನ ಮುಂದೆ ಮಂಡಿಯೂರಿದರು. ಊದಿದ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಬೋಗುಣಿಯೊಳಗೆ ಇಟ್ಟರು. ಅವಸರ ಮಾಡಲಿಲ್ಲ. ಬೆರಳ ಸಂದಿಯನ್ನೂ ತೊಳೆದರು. ಅಂತಪ್ಪ ಅಳಲಿಲ್ಲ, ನಗಲೂ ಇಲ್ಲ, ಬಾಯಾರಿದವನು ನೀರು ಕುಡಿಯುವಾಗ ಇರುತ್ತಾನಲ್ಲ, ಹಾಗಿದ್ದ. ಆಮೇಲೆ ಯಜಮಾನರ ಸರದಿ. ಅವರ ಕಾಲಿನ ಕೆಂಪು ಮಣ್ಣೆಲ್ಲ ಬೋಗುಣಿಗೆ ಇಳಿಯಿತು. ಅವರು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ಮೂರನೆಯ ಕುರ್ಚಿ ಖಾಲಿ. ಫಾದರ್ ಅದನ್ನು ದಾಟಿ ನಾಲ್ಕನೆಯವರ ಹತ್ತಿರ ಹೋಗುತ್ತಾರೆ ಅಂದುಕೊಂಡೆ. ಅವರು ಖಾಲಿ ಕುರ್ಚಿಯ ಮುಂದೆಯೂ ಮಂಡಿಯೂರಿದರು. ಬೋಗುಣಿ ಇಟ್ಟರು. ಕಾದರು. ಹಾಡುವವರು ಹಾಡು ನಿಲ್ಲಿಸಿದರು. ಎಷ್ಟು ಹೊತ್ತು ಎಂದು ಹೇಳಲಾರೆ, ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಯಾರಿಗೂ ಅವರ ಮುಖ ಕಾಣುತ್ತಿರಲಿಲ್ಲ, ಬಗ್ಗಿದ ಬೆನ್ನು ಮಾತ್ರ.

ಬಾಗಿಲ ಹತ್ತಿರ ಸದ್ದಾಯಿತು. ಚೌರಪ್ಪ. ಹೊರಗೆ ಹೋದವನು ಮನೆಗೆ ಹೋಗಿರಲಿಲ್ಲ, ಬೂಟು ಹಾಕಿಕೊಂಡು ಜಗಲಿಯಲ್ಲೇ ನಿಂತಿದ್ದನಂತೆ. ಬೂಟುಗಾಲಲ್ಲೇ ಒಳಗೆ ಬಂದು ಕುರ್ಚಿಯಲ್ಲಿ ಕೂತು ಲೇಸು ಬಿಚ್ಚತೊಡಗಿದ. ಗಂಟು ಸಿಕ್ಕಾಗಿ ಬಿಚ್ಚಲು ಬರಲಿಲ್ಲ. ಫಾದರ್ ತಾವೇ ಬಿಚ್ಚಿದರು. ಉಳಿದಿಬ್ಬರು ಬರಲಿಲ್ಲ. ಅವರ ಕುರ್ಚಿಗಳ ಮುಂದೆಯೂ ಫಾದರ್ ಮಂಡಿಯೂರಿ, ಕಾದು, ಎದ್ದರು.

ಆ ದಿನ ತೆಂಗಿನ ಬುಡಕ್ಕೆ ನಾನು ಸುರಿದ ನೀರು ರಾಡಿಯಾಗಿತ್ತು. ಬೋಗುಣಿಯ ತಳದಲ್ಲಿ ಮಣ್ಣು ಕೂತಿತ್ತು. ಅಷ್ಟು ವರ್ಷ ತಿಳಿನೀರು ಸುರಿದು ಹೆಮ್ಮೆಪಟ್ಟದ್ದು ನೆನಪಾಗಿ ನನಗೇ ನಾಚಿಕೆಯಾಯಿತು. ತೊಳೆಯಲು ಏನನ್ನೂ ತರದೆ ಬಂದವರಿಗೆ ದೇವರಾದರೂ ಏನು ಮಾಡಿಯಾನು?

ಈಸ್ಟರ್ ಆಗಿ ಮೊದಲ ಮಳೆ ಬೀಳುವ ಹೊತ್ತಿಗೆ ಅಂತಪ್ಪ ತೀರಿಕೊಂಡ. ಅಷ್ಟರಲ್ಲಿ ಬೀದಿಯವರೆಲ್ಲ ಅವನ ಮನೆಗೆ ಜಪಸರಕ್ಕೆ ಹೋಗಿ ಬಂದಿದ್ದೆವು, ಕೆಲವರು ಜಗಲಿಯಲ್ಲೇ ಕೂತರೂ ಬಂದರು. ಹೆಣಕ್ಕೆ ಸ್ನಾನ ಮಾಡಿಸಿದವರು ಯಜಮಾನರು. ಅವನ ಕಾಲನ್ನು ಅವರು ತೊಳೆದ ರೀತಿ ನೋಡಿದವರಿಗೆ ಬೇರೆ ಉಪದೇಶ ಬೇಕಾಗಿರಲಿಲ್ಲ. ಆಮೇಲೆ ಅವರು ಬದುಕಿದ್ದಷ್ಟು ವರ್ಷವೂ ಜಪಸರವನ್ನು ನಿಧಾನವಾಗಿ ಹೇಳಿದರು. ಧಾರಾವಾಹಿಗಳು ಬಂದವು, ಮುಗಿದವು, ನಮಗೆ ಯಾವುದರ ಕತೆಯೂ ಪೂರ್ತಿ ಗೊತ್ತಾಗಲಿಲ್ಲ.

ಅವರೂ ಹೋಗಿ ಎಷ್ಟೋ ವರ್ಷವಾಯಿತು. ಎಲ್ಲ ಮೆಲ್ಲಮೆಲ್ಲಗೆ ಮೊದಲಿನ ಹಾಗೇ ಆಯಿತು. ಸೋಪು ಬಂತು, ಕಾಲುಚೀಲ ಬಂತು, ಸ್ಕೂಟರ್ ಹೋಗಿ ಕಾರು ಬಂತು. ಅವರನ್ನೆಲ್ಲ ನೋಡಿ ಮನಸ್ಸಿನಲ್ಲೇ ಬೈಯುತ್ತಿದ್ದ ನಾನು, ನನ್ನ ಸರದಿ ಬಂದದ್ದೇ ತಡ, ಕಲ್ಲು ಹಿಡಿದು ಬಚ್ಚಲಲ್ಲಿ ಕೂತಿದ್ದೆ. ಆ ಹುಣಸೆಹುಳಿಯ ವಾಸನೆ ಬರದಿದ್ದರೆ ಎಣ್ಣೆಯನ್ನೂ ಹಚ್ಚಿಕೊಂಡೇ ಏಳುತ್ತಿದ್ದೆ.

ಕಲ್ಲನ್ನು ಗೂಡಿನಲ್ಲಿಟ್ಟು ಎದ್ದೆ. ಸಂಜೆ ಮಗ ಕಾರು ತೆಗೆಯುತ್ತೇನೆಂದ, ಬೇಡ ಅಂದೆ. ಚಪ್ಪಲಿ ಬಿಟ್ಟು ಕಾಲುವೆ ಏರಿಯ ಮೇಲೆ ನಿಧಾನಕ್ಕೆ ನಡೆದೆ. ದಾರಿಯಲ್ಲಿ ಸಲೋಮಿಯ ಮನೆ. ಅವಳಿಗೂ ತಲೆ ಬೆಳ್ಳಗಾಗಿದೆ. ನನ್ನ ಕಾಲು ನೋಡಿದಳು, ಬಂದು ಕೈ ಹಿಡಿದುಕೊಂಡಳು. ಇಬ್ಬರೂ ಜೊತೆಯಲ್ಲೇ ಚರ್ಚಿಗೆ ಹೋದೆವು.

ಪೂಜೆ ಮುಗಿದ ಮೇಲೆ ರೀಟಾ ಬೋಗುಣಿ ಎತ್ತಿಕೊಂಡು ತೆಂಗಿನ ಮರದ ಹತ್ತಿರ ಹೋದವಳು ಅಲ್ಲೇ ನಿಂತು ನನ್ನನ್ನು ಕೂಗಿದಳು.

“ಅತ್ತೆ, ನೀರೆಲ್ಲ ಕೆಂಪಗಾಗಿದೆ. ಯಾರ ಕಾಲಲ್ಲಿತ್ತು ಇಷ್ಟು ಮಣ್ಣು?”

“ನಂದು ಕಣವ್ವಾ,” ಅಂದೆ.